ದೇವರನ್ನು ನಂಬಿಕೊಂಡೇ ವಿಕ್ಕಾದ ಹಾದಿ ನೋಡಬಹುದೇ?

ಓದುಗರ ಪ್ರಶ್ನೆ: ಮೇಡಂ, ನನಗೆ 27 ವರ್ಷ. ಊರು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಕೆಲಸ ಬೆಂಗಳೂರಿನಲ್ಲಿ, ಇರುವುದು ಪಿಜಿಯಲ್ಲಿ. ದೇವರಲ್ಲಿ ನನಗೆ ನಂಬಿಕೆಯಿದೆ. ಪ್ರತಿ ವರ್ಷ ಅಮ್ಮನ ಜೊತೆ ಹಾಸನಾಂಬೆಯ ದರ್ಶನಕ್ಕೆ ಸಾಲಿನಲ್ಲಿ ನಿಲ್ಲುತ್ತೇನೆ. ಎರಡು ವರ್ಷದಿಂದ ವಿಕ್ಕಾ ಎಂಬ ಪಶ್ಚಿಮದ ಧರ್ಮದ ಬಗ್ಗೆ ಓದುತ್ತಿದ್ದೇನೆ. ಹುಣ್ಣಿಮೆ ರಾತ್ರಿ ತಾರಸಿಯ ಮೇಲೆ ಉಪ್ಪಿನಿಂದ ವೃತ್ತ ಎಳೆದು, ಒಳಗೆ ದೀಪ ಹಚ್ಚಿ ಕೂರುತ್ತೇನೆ. ಆಗ ಸಿಗುವ ಸಮಾಧಾನ ನನಗೆ ಬೇರೆಲ್ಲೂ ಸಿಕ್ಕಿಲ್ಲ. 2024ರ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಕ್ಟೋಬರ್ 31ರ ರಾತ್ರಿ ಹಿತ್ತಲಿನಲ್ಲಿ ಕಪ್ಪು ಮೇಣದಬತ್ತಿ ಹಚ್ಚಿದ್ದು ಅಮ್ಮನ ಕಣ್ಣಿಗೆ ಬಿತ್ತು. ಬೆಳಿಗ್ಗೆ ನನ್ನ ಬ್ಯಾಗಿನಲ್ಲಿ ಹಳೆಯ ಹಾರ್ಲಿಕ್ಸ್ ಬಾಟಲಿಯೊಂದು ಸಿಕ್ಕಿತು. ಅದರಲ್ಲಿ ಕಲ್ಲುಪ್ಪು, ಲವಂಗ, ಒಣಗಿದ ಗುಲಾಬಿ ಪಕಳೆ, ಕೆಂಪು ದಾರ ಸುತ್ತಿದ ಒಂದು ಚೀಟಿ ಇದ್ದವು. ‘ಯಾರಿಗೆ ಮಾಟ ಮಾಡ್ತಿದ್ದೀಯ?’ ಎಂದು ಅಮ್ಮ ಅತ್ತುಬಿಟ್ಟರು. ಆಮೇಲೆ ಅಪ್ಪನಿಗೆ ತಿಳಿಸದೆ ಶಾಸ್ತ್ರ ಕೇಳಲು ಹೋಗಿದ್ದಾರೆ. ಅಲ್ಲಿ ‘ಹುಡುಗಿಗೆ ಏನೋ ಅಂಟಿದೆ, ತಡೆ ಒಡೆಸಬೇಕು’ ಎಂದು 35 ಸಾವಿರ ರೂಪಾಯಿ ಕೇಳಿದ್ದಾರೆ. ನಾನು ದೇವರಿಗೆ ದ್ರೋಹ ಮಾಡುತ್ತಿದ್ದೇನೆಯೇ? ಇದು ನಿಜವಾಗಿಯೂ ಮಾಟವೇ, ಏನಾದರೂ ಅಂಟಿಕೊಳ್ಳುತ್ತದೆಯೇ? ಅಮ್ಮನಿಗೆ ಏನು ಹೇಳಲಿ? ಆ ಬಾಟಲಿಯನ್ನು ಏನು ಮಾಡಲಿ? ಚೀಟಿಯಲ್ಲಿರುವುದು ನನ್ನ ಆಫೀಸಿನ ಒಬ್ಬರ ಹೆಸರು. ಅವರ ಮನಸ್ಸು ನನ್ನ ಕಡೆ ತಿರುಗಲಿ ಎಂದು ಬರೆದದ್ದು. ಕಪ್ಪು ಮೇಣದಬತ್ತಿ ಮಾತ್ರ ತೀರಿಕೊಂಡ ಅಜ್ಜಿಗಾಗಿ. ಅದನ್ನು ಅಮ್ಮನಿಗೆ ಹೇಳಲಾಗಲಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಒಂದರೊಳಗೊಂದು ಸೇರಿಕೊಂಡ ಮೂರು ಭಯಗಳಿವೆ. ದೇವರು ಮುನಿಸಿಕೊಂಡಿರಬಹುದೆಂಬುದು ಒಂದು, ಕಾಣದ ಯಾವುದೋ ಮೈಗಂಟಿರಬಹುದೆಂಬುದು ಇನ್ನೊಂದು, ಅಮ್ಮನ ಕಣ್ಣಿನಲ್ಲಿ ನೀವು ಬೇರೆಯವಳಾಗಿಬಿಟ್ಟಿರೆಂಬುದು ಮೂರನೆಯದು. ಹಾಸನದ ಕಾಲೇಜೊಂದರಲ್ಲಿ ಮೂವತ್ತು ವರ್ಷ ತತ್ತ್ವಶಾಸ್ತ್ರವನ್ನೂ ಧರ್ಮಗಳ ತೌಲನಿಕ ಅಧ್ಯಯನವನ್ನೂ ಪಾಠ ಮಾಡಿದವಳಾಗಿ ಮೊದಲನೆಯದರ ಬಗ್ಗೆ ನನಗೆ ಒಂದಿಷ್ಟು ಗೊತ್ತು. ನಿವೃತ್ತಿಯ ನಂತರ ಇಂಥ ಜಗಳ ಹೊತ್ತು ಬರುವ ತಾಯಿ–ಮಕ್ಕಳ ಮಧ್ಯೆ ಕುಳಿತು ಉಳಿದೆರಡರ ಬಗ್ಗೆಯೂ ಸ್ವಲ್ಪ ಕಲಿತಿದ್ದೇನೆ. ಮೂರನ್ನೂ ಬಿಡಿಸಿ ಹೇಳುವ ಮೊದಲು ವಿಕ್ಕಾ ಎಂದರೇನು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳೋಣ, ಏಕೆಂದರೆ ನೀವು ನೋಡಿದ ವಿಡಿಯೊಗಳು ಒಂದು ದಿಕ್ಕಿಗೂ ನಿಮ್ಮ ಅಮ್ಮ ಕೇಳಿ ಬಂದ ಶಾಸ್ತ್ರ ಇನ್ನೊಂದು ದಿಕ್ಕಿಗೂ ಅದನ್ನು ಎಳೆದಿವೆ.

ವಿಕ್ಕಾ ಸಾವಿರಾರು ವರ್ಷಗಳಿಂದ ಗುಟ್ಟಾಗಿ ಉಳಿದುಬಂದ ಪ್ರಾಚೀನ ಧರ್ಮವೆಂದು ನೀವು ಓದಿರುತ್ತೀರಿ. ಹಾಗಲ್ಲ. ಅದು ಇಪ್ಪತ್ತನೇ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಹೊಸ ಧರ್ಮ, ನಿಮ್ಮ ಅಜ್ಜಿಗಿಂತ ಕಿರಿಯದು ಎಂದರೂ ತಪ್ಪಾಗಲಿಕ್ಕಿಲ್ಲ. ಅದನ್ನು ಬೆಳಕಿಗೆ ತಂದ ಜೆರಾಲ್ಡ್ ಗಾರ್ಡ್ನರ್ (1884–1964) ಕಾಫಿ ಸೀಮೆಯವರಾದ ನಮಗೆ ತೀರಾ ಅಪರಿಚಿತ ಬಗೆಯ ಮನುಷ್ಯರೇನಲ್ಲ: ಹದಿಹರೆಯದಲ್ಲೇ ಸಿಲೋನಿನ ಟೀ ತೋಟಕ್ಕೆ ಬಂದು, ಆಮೇಲೆ ಬೋರ್ನಿಯೊ, ಮಲಯದ ರಬ್ಬರ್ ತೋಟಗಳಲ್ಲಿ ದುಡಿದು, ಕೊನೆಗೆ ಮಲಯದ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿ 1936ರಲ್ಲಿ ನಿವೃತ್ತರಾದವರು. 1939ರಲ್ಲಿ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಪ್ರದೇಶದ ಒಂದು ಗುಪ್ತ ಗುಂಪು ತಮಗೆ ದೀಕ್ಷೆ ಕೊಟ್ಟಿತೆಂದು ಅವರು ಹೇಳಿಕೊಂಡರು. ಮಾಟಗಾರಿಕೆಯ ವಿರುದ್ಧ 1735ರಲ್ಲಿ ಮಾಡಿದ್ದ ಕಾನೂನು ಅಲ್ಲಿ ರದ್ದಾದದ್ದು 1951ರಲ್ಲಿ. ಮೂರು ವರ್ಷದ ನಂತರ ಗಾರ್ಡ್ನರ್ ಈ ವಿಷಯದ ಮೇಲೆ ತಮ್ಮ ಹೆಸರಿನಲ್ಲೇ ಪುಸ್ತಕ ಹೊರತಂದರು. ಇಂದಿನ ಪೂಜಾವಿಧಿಗಳ ಭಾಷೆ ಬಹುಮಟ್ಟಿಗೆ ಅವರ ಶಿಷ್ಯೆ ಡೋರೀನ್ ವ್ಯಾಲಿಯೆಂಟಿ ತಿದ್ದಿ ಬರೆದದ್ದು. ಪ್ರಾಚೀನತೆಯ ಕಥೆಗೆ ಬುನಾದಿ ಹಾಕಿದವರು ಕಲ್ಕತ್ತೆಯಲ್ಲಿ ಹುಟ್ಟಿದ ಈಜಿಪ್ಟ್ ಶಾಸ್ತ್ರಜ್ಞೆ ಮಾರ್ಗರೆಟ್ ಮರ್ರೆ: ಯುರೋಪಿನಲ್ಲಿ ಮಾಟಗಾತಿಯರೆಂದು ಕೊಲ್ಲಲ್ಪಟ್ಟವರು ಗುಟ್ಟಾಗಿ ಉಳಿದಿದ್ದ ಹಳೆಯ ಧರ್ಮವೊಂದರ ಅನುಯಾಯಿಗಳೆಂದು ಅವರು 1921ರಲ್ಲಿ ವಾದಿಸಿದ್ದರು. ಆ ವಾದವನ್ನು ಇತಿಹಾಸಕಾರರು ಈಗ ಒಪ್ಪುವುದಿಲ್ಲ. ಅಂದು ಸತ್ತವರು ತೊಂಬತ್ತು ಲಕ್ಷವೆಂಬ ಲೆಕ್ಕವೂ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ವಿದ್ವಾಂಸರ ಅಂದಾಜು ನಲವತ್ತರಿಂದ ಅರವತ್ತು ಸಾವಿರ. ಅವರಲ್ಲಿ ಬಹುತೇಕರು ಚರ್ಚಿಗೆ ಹೋಗುತ್ತಿದ್ದ ಸಾಧಾರಣ ಕ್ರೈಸ್ತರೇ, ಅದರಲ್ಲೂ ಹೆಚ್ಚಿನವರು ನೆರೆಮನೆಯವರ ದ್ವೇಷಕ್ಕೆ ಸಿಕ್ಕ ಹೆಂಗಸರು.

ಹೊಸದೆಂದ ಮಾತ್ರಕ್ಕೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಪ್ರತಿಯೊಂದು ಧರ್ಮವೂ ಒಂದು ಕಾಲದಲ್ಲಿ ಹೊಸದೇ ಆಗಿತ್ತು. ಅಮೆರಿಕದ ಫೆಡರಲ್ ನ್ಯಾಯಾಲಯವು 1986ರಲ್ಲೇ ವಿಕ್ಕಾವನ್ನು ಧರ್ಮವೆಂದು ಪರಿಗಣಿಸಿದೆ. 2007ರಿಂದ ಅಲ್ಲಿನ ಮೃತ ಸೈನಿಕರ ಸಮಾಧಿಗಲ್ಲಿನ ಮೇಲೆ ವಿಕ್ಕಾದ ಐದು ಮೂಲೆಯ ನಕ್ಷತ್ರ ಕೆತ್ತಲು ಸರ್ಕಾರದ ಒಪ್ಪಿಗೆಯಿದೆ. ನಾನು ಹೇಳುವುದಿಷ್ಟೇ: ‘ಇದು ಅನಾದಿ, ಆದ್ದರಿಂದ ಪ್ರಶ್ನಿಸಬಾರದು’ ಎಂದು ಯಾರಾದರೂ ನಿಮ್ಮ ಮೇಲೆ ಅಧಿಕಾರ ನಡೆಸಲು ಬಂದರೆ ಆ ಮಾತಿಗೆ ಆಧಾರವಿಲ್ಲ.

ಇನ್ನು ನಿಮ್ಮ ಅಮ್ಮನ ಕಡೆಯ ತಪ್ಪುಗ್ರಹಿಕೆ. ವಿಕ್ಕಾ ಸೈತಾನನ ಆರಾಧನೆಯಲ್ಲ. ಸೈತಾನ ಕ್ರೈಸ್ತ, ಇಸ್ಲಾಂ ಮೊದಲಾದ ಧರ್ಮಗಳ ಕಲ್ಪನೆ. ವಿಕ್ಕಾದಲ್ಲಿ ಅವನಿಗೆ ಸ್ಥಾನವೇ ಇಲ್ಲ. ಅಲ್ಲಿರುವುದು ಕೊಂಬುಳ್ಳ ಒಬ್ಬ ದೇವ ಮತ್ತು ಕನ್ಯೆ, ತಾಯಿ, ಮುದುಕಿ ಎಂಬ ಮೂರು ರೂಪದ ಒಬ್ಬ ದೇವಿ. (ಕೊಂಬಿದ್ದವರೆಲ್ಲ ಸೈತಾನರಾಗುವುದಾದರೆ ನಮ್ಮ ನಂದಿಯ ಗತಿಯೇನು?) ಆ ನಕ್ಷತ್ರದ ಐದು ತುದಿಗಳು ಮಣ್ಣು, ನೀರು, ಬೆಂಕಿ, ಗಾಳಿ, ಆತ್ಮ. ಪಂಚಭೂತ ಎಂಬ ಮಾತು ಬಲ್ಲ ಮನೆಯವರಿಗೆ ಇದರಲ್ಲಿ ಹೆದರುವಂಥದ್ದೇನಿಲ್ಲ. ತೊಡಕಾಗುವುದು ಪದದಿಂದ. ಹಳೆಯ ಇಂಗ್ಲಿಷಿನಲ್ಲಿ ಮಾಟಗಾರನಿಗೆ ಇದ್ದ ಹೆಸರನ್ನೇ ಈ ಧರ್ಮದವರು ಎತ್ತಿಕೊಂಡು, ಬೈಗುಳವನ್ನು ಹೆಮ್ಮೆಯ ಬಿರುದಾಗಿ ಮಾಡಿಕೊಂಡರು. ಕನ್ನಡದ ‘ಮಾಟಗಾತಿ’ಗೆ ಆ ಭಾಗ್ಯ ಬಂದಿಲ್ಲ. ನಮ್ಮಲ್ಲಿ ಆ ಪದ ಕಿವಿಗೆ ಬಿದ್ದರೆ ಕೊಟ್ಟಿಗೆಯ ಹಸು ಹಾಲು ಬತ್ತಿಸಿದ್ದು, ಹೊಸ್ತಿಲಲ್ಲಿ ಕುಂಕುಮ ಮೆತ್ತಿದ ನಿಂಬೆಹಣ್ಣು ಸಿಕ್ಕಿದ್ದು, ತಲೆಗೂದಲು ಸುತ್ತಿದ ಮೊಳೆ ಸಿಕ್ಕಿದ್ದು ನೆನಪಾಗುತ್ತವೆ. ಜಾರ್ಖಂಡ್, ಬಿಹಾರ, ಅಸ್ಸಾಂ ಕಡೆ ಹೆಂಗಸರನ್ನು ಆ ಹೆಸರಿಟ್ಟು ಹೊಡೆದು ಕೊಂದದ್ದರಿಂದಲೇ ಅದರ ವಿರುದ್ಧ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಆದ್ದರಿಂದ ಲಂಡನ್ನಿನಲ್ಲಿ ಕುಳಿತವರು ವಿಡಿಯೊದಲ್ಲಿ ‘ನಾನು ಮಾಟಗಾತಿ’ ಎಂದು ನಗುತ್ತಾ ಹೇಳಿಕೊಂಡಂತೆ ನೀವು ಊರಿನಲ್ಲಿ ಹೇಳಿಕೊಳ್ಳಬೇಡಿ. ಆ ಮಾತಿನ ಬೆಲೆಯನ್ನು ನೀವಷ್ಟೇ ಅಲ್ಲ, ಮನೆಯಲ್ಲಿರುವ ಅಮ್ಮನೂ ತೆರಬೇಕಾಗುತ್ತದೆ.

ಈಗ ದೇವರ ವಿಷಯ. ‘ದೇವರನ್ನು ನಂಬುತ್ತಾ ವಿಕ್ಕಾ ಅನುಸರಿಸಬಹುದೇ?’ ಎಂಬ ಪ್ರಶ್ನೆಗೆ ವಿಕ್ಕಾದ ಕಡೆಯಿಂದ ಅಡ್ಡಿಯಿಲ್ಲ. ಅಲ್ಲಿ ಒಂದು ಧರ್ಮಗ್ರಂಥವಾಗಲಿ ಒಬ್ಬ ಗುರುಪೀಠಾಧಿಪತಿಯಾಗಲಿ ಇಲ್ಲ; ಕೆಲವರು ದೇವ–ದೇವಿಯರನ್ನು ನಿಜವಾದ ವ್ಯಕ್ತಿಗಳೆನ್ನುತ್ತಾರೆ, ಕೆಲವರು ಪ್ರಕೃತಿಯ ಶಕ್ತಿಗಳೆನ್ನುತ್ತಾರೆ, ಇನ್ನು ಕೆಲವರು ಮನಸ್ಸಿನ ಪ್ರತಿಮೆಗಳೆಂದು ಬಿಡುತ್ತಾರೆ. ಆ ದೇವ–ದೇವಿಯರ ಆಚೆಗೂ ಎಲ್ಲಕ್ಕೂ ಮೂಲವಾದ ಒಂದು ಪರಮ ಶಕ್ತಿಯಿದೆಯೆಂದು ಗಾರ್ಡ್ನರ್ ಅವರೇ ಬರೆದಿದ್ದಾರೆ. ಅಡ್ಡಿ ಬರುವುದಾದರೆ ನೀವು ಹುಟ್ಟಿ ಬಂದ ನಂಬಿಕೆಯ ಕಡೆಯಿಂದ ಬರಬೇಕು, ಮತ್ತು ಅದು ಎಲ್ಲ ಮನೆಗಳಲ್ಲೂ ಒಂದೇ ರೀತಿ ಬರುವುದಿಲ್ಲ. ಇದೇ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ ಚಿಕ್ಕಮಗಳೂರಿನ ಕಥೋಲಿಕ ಹುಡುಗಿಯೊಬ್ಬಳು ಕೇಳಿದ್ದಳು. ಅವಳಿಗೆ ನಾನು ಮುಚ್ಚುಮರೆಯಿಲ್ಲದೆ ಹೇಳಿದ್ದೆ: ನಿನ್ನ ಸಭೆಯ, ಅಂದರೆ ಚರ್ಚಿನ, ಬೋಧನೆ ಮಂತ್ರವಿದ್ಯೆಯನ್ನೂ ಕಣಿ ನೋಡುವುದನ್ನೂ ದೇವರೊಬ್ಬನನ್ನೇ ಆರಾಧಿಸಬೇಕೆಂಬ ಮೊದಲನೇ ಕಟ್ಟಳೆಗೆ ವಿರುದ್ಧವೆಂದು ನೇರವಾಗಿ ಹೇಳುತ್ತದೆ, ಎರಡನ್ನೂ ಇಟ್ಟುಕೊಂಡವರು ಇರಬಹುದು, ಆದರೆ ಅದಕ್ಕೆ ಸಭೆಯ ಒಪ್ಪಿಗೆಯಿದೆಯೆಂದು ನಿನಗೆ ನೀನೇ ಸುಳ್ಳು ಹೇಳಿಕೊಳ್ಳಬೇಡ, ಪಾದ್ರಿಗಳ ಬಳಿ ಮಾತಾಡು. ಇಸ್ಲಾಮಿನಲ್ಲೂ ಮಂತ್ರವಿದ್ಯೆಗೆ ನಿಷೇಧವಿದೆ, ಅಲ್ಲಾಹನೊಡನೆ ಇನ್ನೊಬ್ಬರನ್ನು ಪೂಜೆಯಲ್ಲಿ ಸೇರಿಸುವುದು ಅತ್ಯಂತ ದೊಡ್ಡ ಪಾಪ. ಇಷ್ಟಲಿಂಗವೊಂದನ್ನೇ ಪೂಜಿಸುವ ಮನೆಯವರಿಗೂ ಉತ್ತರ ಬಹುತೇಕ ಹೀಗೇ ಬರುತ್ತದೆ.

ನಿಮ್ಮ ಮನೆಯ ಸಂಗತಿ ಬೇರೆ. ಹಾಸನಾಂಬೆಯ ಮುಂದೆ ಕೈ ಮುಗಿಯುವವಳಿಗೆ ದೇವಿಯೆಂಬ ಕಲ್ಪನೆಯನ್ನು ಇಂಗ್ಲೆಂಡಿನಿಂದ ತರಿಸಿಕೊಳ್ಳಬೇಕಾಗಿಲ್ಲ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಬಾಗಿಲು ತೆರೆದು ಬಲಿಪಾಡ್ಯಮಿಯ ಮರುದಿನ ಮುಚ್ಚುವ ಆ ಗುಡಿಯೊಳಗೆ ಇರುವುದು ಹುತ್ತದ ರೂಪ. ಕಾಶಿಯಿಂದ ಬಂದ ಸಪ್ತಮಾತೃಕೆಯರಲ್ಲಿ ಮೂವರು ಅಲ್ಲಿ ನೆಲೆಸಿದರೆಂಬುದು ಐತಿಹ್ಯ. ಅತ್ತೆಯ ಕಾಟ ತಾಳಲಾರದ ಸೊಸೆಯೊಬ್ಬಳನ್ನು ಅದೇ ದೇವಿ ಕಲ್ಲಾಗಿಸಿ ತನ್ನ ಸನ್ನಿಧಿಯಲ್ಲಿ ಇರಿಸಿಕೊಂಡಳೆಂದೂ, ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ಅವಳ ಪಾದದ ಕಡೆ ಸರಿಯುತ್ತಿದೆಯೆಂದೂ ನಿಮ್ಮ ಅಜ್ಜಿಯೂ ಹೇಳಿರಬೇಕು. ಚಿಕ್ಕಮಗಳೂರಿನ ದೇವೀರಮ್ಮನ ಬೆಟ್ಟಕ್ಕೆ ನರಕ ಚತುರ್ದಶಿಯ ಹೊತ್ತಿನಲ್ಲಿ ಜನ ಕತ್ತಲಲ್ಲೇ ಹತ್ತುತ್ತಾರೆ. 2024ರಲ್ಲಿ ವಿಕ್ಕಾದವರು ಸತ್ತವರನ್ನು ನೆನೆಯುವ ಸಾವಿನ್ (Samhain) ಹಬ್ಬವೂ ನಮ್ಮ ನರಕ ಚತುರ್ದಶಿಯೂ ಅಕ್ಟೋಬರ್ 31ರಂದೇ ಬಿದ್ದದ್ದು ಪಂಚಾಂಗದ ಆಕಸ್ಮಿಕ. ಆದರೆ ನೀವು ಅವತ್ತು ಹಿತ್ತಲಿನಲ್ಲಿ ಸತ್ತವರಿಗಾಗಿ ಬೆಳಕಿಟ್ಟದ್ದು, ಬೆಟ್ಟದ ಮೇಲೆ ಯಾರೋ ತುಪ್ಪದ ಬಟ್ಟೆಗೆ ಬೆಂಕಿ ಹಚ್ಚಿದ್ದು ಒಬ್ಬರ ಮೇಲೊಬ್ಬರು ಮಾಡಿದ ದ್ರೋಹವೆಂದು ನನಗೆ ತೋರುವುದಿಲ್ಲ.

ಹೀಗೆಂದು ಎರಡೂ ಒಂದೇ ಎಂದುಬಿಡುವುದು ಸೋಮಾರಿತನ. ವಿಕ್ಕಾದ ವರ್ಷಚಕ್ರದಲ್ಲಿ ಎಂಟು ಹಬ್ಬಗಳಿವೆ, ಎಂಟೂ ಬ್ರಿಟನ್ನಿನ ನೆಲ–ಬಿಸಿಲಿಗೆ ಹೊಂದಿಸಿದವು. ಆಗಸ್ಟ್ 1 ಅವರಿಗೆ ಮೊದಲ ಕೊಯ್ಲಿನ ಹಬ್ಬ. ನಿಮ್ಮ ಊರಿನಲ್ಲಿ ಆಗ ಪುಷ್ಯ ಮಳೆ ಮುಗಿದು ಆಶ್ಲೇಷ ಹಿಡಿಯುವ ಹೊತ್ತು; ಗದ್ದೆಯಲ್ಲಿ ಕೆಸರು, ಕೊಯ್ಲಿನ ಮಾತಿರಲಿ, ನಾಟಿಯೇ ಮುಗಿದಿರುವುದಿಲ್ಲ. ಡಿಸೆಂಬರಿನಲ್ಲಿ ಬೆಳಕು ಮರಳಿ ಬರುವ ಹಬ್ಬವೊಂದಿದೆ. ಲಂಡನ್ನಿನಲ್ಲಿ ಆ ಹೊತ್ತಿನ ಹಗಲು ಎಂಟು ಗಂಟೆಗೂ ಕಡಿಮೆ, ಸೂರ್ಯ ಮರಳಲೆಂದು ಬೇಡಿಕೊಳ್ಳುವುದಕ್ಕೆ ಅಲ್ಲಿ ಅರ್ಥವಿದೆ. ಹಾಸನದಲ್ಲಿ ಅದೇ ದಿನ ಹನ್ನೊಂದು ಗಂಟೆಗೂ ಮೀರಿ ಬಿಸಿಲಿರುತ್ತದೆ, ನಮ್ಮವರು ಕಣದಲ್ಲಿ ಕಾಫಿ ಹರವಿಕೊಂಡು ಅಕಾಲದ ಮಳೆ ಬಾರದಿರಲೆಂದು ಬೇಡುತ್ತಿರುತ್ತಾರೆ. ಋತುಗಳೊಡನೆ ಬದುಕಬೇಕೆಂಬುದು ನಿಮ್ಮ ಆಸೆಯಾದರೆ ಆಶ್ವಯುಜದ ಭೂಮಿ ಹುಣ್ಣಿಮೆ ಇದೆ. ತೆನೆ ಹೊಟ್ಟೆಯಲ್ಲಿಟ್ಟುಕೊಂಡ ಪೈರನ್ನು ಬಸುರಿಯೆಂದು ಬಗೆದು ನಸುಕಿನಲ್ಲಿ ಗದ್ದೆಗೆ ಹೋಗಿ ಬಡಿಸಿ ಬರುವ ಹಬ್ಬಕ್ಕಿಂತ ಮಣ್ಣಿಗೆ ಹತ್ತಿರವಾದದ್ದು ಯಾವ ವಿಡಿಯೊದಲ್ಲೂ ನನಗೆ ಕಂಡಿಲ್ಲ. ಇದು ಊರಿನ ಅಭಿಮಾನದ ಮಾತೆಂದು ನೀವು ನಕ್ಕರೂ ಚಿಂತೆಯಿಲ್ಲ.

ಇಷ್ಟರವರೆಗೆ ನಿಮ್ಮ ಪರವಾಗಿಯೇ ಮಾತಾಡಿದ್ದೇನೆ. ಇನ್ನು ಚೀಟಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಅದೊಂದೇ.

ನಮ್ಮ ಕಡೆಯವರು ಹರಕೆ ಹೊರುವುದನ್ನೂ ಕಟ್ಟು ಹಾಕುವುದನ್ನೂ ಎಂದೂ ಒಂದೇ ಎಂದುಕೊಂಡಿಲ್ಲ. ಹರಕೆ ಹೊತ್ತವಳು ಕೇಳುತ್ತಾಳೆ. ಕೊಡುವುದು ಬಿಡುವುದು ಕೇಳಿಸಿಕೊಂಡವಳ ಇಷ್ಟ. ಕಟ್ಟು ಹಾಕುವವರು ಕೇಳುವುದಿಲ್ಲ, ಇನ್ನೊಬ್ಬರ ಮನಸ್ಸನ್ನು ಅವರಿಗೆ ಗೊತ್ತಿಲ್ಲದಂತೆ ಗಂಟು ಹಾಕಲು ನೋಡುತ್ತಾರೆ. ಕೆಂಪು ದಾರ ಸುತ್ತಿದ ಆ ಚೀಟಿ ಎರಡನೆಯ ಜಾತಿಗೆ ಸೇರಿದ್ದು. ಅದಕ್ಕೆ ಕನ್ನಡದಲ್ಲಿ ವಶೀಕರಣವೆಂಬ ಹೆಸರಿದೆ, ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲಿನ ಚೀಟಿಗಳಲ್ಲಿ ಅದರ ಜಾಹೀರಾತೂ ಇರುತ್ತದೆ. ಅದು ಫಲಿಸುತ್ತದೆಯೆಂದು ನಾನು ನಂಬುವುದಿಲ್ಲ. ಫಲಿಸದಿದ್ದರೂ ಆ ಮನುಷ್ಯನ ಒಪ್ಪಿಗೆಯನ್ನು ಪಕ್ಕಕ್ಕಿಟ್ಟು ಅವನನ್ನು ಪಡೆಯಬೇಕೆಂದು ನೀವು ಕುಳಿತು ದಾರ ಸುತ್ತಿದ ಆ ಹತ್ತು ನಿಮಿಷ ನಿಮ್ಮದೇ. ವಿಕ್ಕಾದವರೂ ಇದನ್ನು ಮೆಚ್ಚುವುದಿಲ್ಲ. ಯಾರಿಗೂ ಹಾನಿಯಾಗದಂತಿದ್ದರೆ ನಿನಗೆ ಬೇಕಾದುದನ್ನು ಮಾಡು ಎಂಬುದು ಅವರ ಪ್ರಧಾನ ನೀತಿ. ಹೆಸರು ಹಿಡಿದು ಒಬ್ಬರ ಮೇಲೆ ಪ್ರೇಮದ ಮಂತ್ರ ಹಾಕುವುದು ಅವರ ಇಚ್ಛೆಗೆ ಹಾನಿಯೆಂದೇ ಅವರಲ್ಲಿ ಹೆಚ್ಚಿನವರು ಓದುತ್ತಾರೆ. ಮಾಡಿದ್ದು ಮೂರು ಪಟ್ಟಾಗಿ ತಿರುಗಿ ಬರುತ್ತದೆಂಬ ನಂಬಿಕೆಯೂ ಅವರಲ್ಲಿ ಹಲವರಿಗಿದೆ. ಹಾಗಾಗಿ ಅಮ್ಮನ ಪ್ರಶ್ನೆ ಪೂರ್ತಿ ತಪ್ಪಲ್ಲ. ಮೇಣದಬತ್ತಿಯ ವಿಷಯದಲ್ಲಿ ಅವರು ಎಡವಿದರು, ಬಾಟಲಿಯ ವಿಷಯದಲ್ಲಿ ಸರಿಯಾಗಿಯೇ ಊಹಿಸಿದರು. ದೇವರಿಗೆ ದ್ರೋಹವೆಂಬುದನ್ನು ಹುಡುಕಲೇಬೇಕೆಂದಿದ್ದರೆ ದೇವಿಯ ಹೆಸರು ಇಂಗ್ಲಿಷಿನದೋ ಕನ್ನಡದ್ದೋ ಎಂಬಲ್ಲಿ ಹುಡುಕಬೇಡಿ. ಆ ದಾರದ ಗಂಟಿನಲ್ಲಿ ನೋಡಿ.

ಏನಾದರೂ ಅಂಟಿಕೊಳ್ಳುತ್ತದೆಯೇ? ಇಲ್ಲ. ಉಪ್ಪು, ಲವಂಗ, ಗುಲಾಬಿ ಪಕಳೆಗಳಿಂದ ಯಾವುದೂ ಯಾರಿಗೂ ಅಂಟುವುದಿಲ್ಲ. ಆದರೆ ‘ಅಂಟಿದೆ’ ಎಂಬ ಮಾತು ಅಂಟುತ್ತದೆ, ಅದರ ಪರಿಣಾಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆ ಹೇಳಿಸಿಕೊಂಡವರಿಗೆ ಆ ರಾತ್ರಿಯಿಂದ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟಿತೆಂದು ಎದೆ ಹೊಡೆದುಕೊಳ್ಳುತ್ತದೆ. ಎದೆ ಹೊಡೆದುಕೊಂಡದ್ದೇ ಅಂಟಿದ್ದಕ್ಕೆ ಸಾಕ್ಷಿಯಾಗುತ್ತದೆ. ಸಾಕ್ಷಿ ಸಿಕ್ಕ ಮೇಲೆ 35 ಸಾವಿರ ಕಡಿಮೆಯೆಂದೇ ಅನ್ನಿಸುತ್ತದೆ. ಒಮ್ಮೆ ಕೊಟ್ಟರೆ ಅಲ್ಲಿಗೆ ಮುಗಿಯುವುದೂ ಅಪರೂಪ, ತಡೆ ಒಡೆದ ಮೇಲೆ ಕಟ್ಟಿಸಲು ಒಂದು ಯಂತ್ರ ಇದ್ದೇ ಇರುತ್ತದೆ. ದಯವಿಟ್ಟು ಆ ಹಣ ಕೊಡಬೇಡಿ, ಅಮ್ಮನಿಗೂ ಕೊಡಲು ಬಿಡಬೇಡಿ. ಕರ್ನಾಟಕದಲ್ಲಿ ಅಮಾನವೀಯ ಆಚರಣೆಗಳ ಮತ್ತು ವಾಮಾಚಾರದ ವಿರುದ್ಧ 2017ರಲ್ಲಿ ಕಾನೂನಾಗಿ, 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ಮುಂತಾದವು ಅದರಡಿ ಅಪರಾಧ. ತಾರಸಿಯ ಮೇಲೆ ದೀಪ ಹಚ್ಚಿ ಕುಳಿತ ನೀವು ಅದರ ವ್ಯಾಪ್ತಿಗೆ ಬರುವುದಿಲ್ಲ. ನಿಮ್ಮ ಆತ್ಮಸಾಕ್ಷಿಯ ಸ್ವಾತಂತ್ರ್ಯಕ್ಕೆ ಸಂವಿಧಾನದ 25ನೇ ವಿಧಿಯ ಬೆಂಬಲವಿದೆ.

ಒಂದು ಎಚ್ಚರಿಕೆ. ವೃತ್ತ ಎಳೆಯದೆ ಮಲಗಿದರೆ ಕೇಡಾಗುತ್ತದೆಂಬ ಭಯ, ಯಾರೋ ಮಾತಾಡಿದಂತೆ ಕೇಳಿಸುವುದು, ವಾರಗಟ್ಟಲೆ ನಿದ್ದೆ ಬಾರದಿರುವುದು ಇವು ನಿಮಗಿದ್ದರೆ ಅದಕ್ಕೆ ಬೇಕಾದದ್ದು ನಾನೂ ಅಲ್ಲ, ಪುರೋಹಿತರೂ ಅಲ್ಲ, ಮನೋವೈದ್ಯರು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಕರೆಗೆ ದುಡ್ಡಿಲ್ಲ.

ನೀವೇಕೆ ಇದರತ್ತ ಹೋದಿರಿ ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನ್ನ ಬಳಿ ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ದೇವರ ಮೇಲೆ ಮುನಿಸಿರಲಿಲ್ಲ. ಗರ್ಭಗುಡಿಯ ಹೊಸ್ತಿಲ ಮೇಲೆ ಇತ್ತು. ಮನೆಯ ಪೂಜೆಯಲ್ಲಿ ಹೂ ಕಟ್ಟಿ, ಪಾತ್ರೆ ತೊಳೆದು, ಮುಟ್ಟಾದರೆ ಮೂರು ದಿನ ಆಚೆ ಕುಳಿತು ಬೆಳೆದವಳಿಗೆ, ಯಾರ ಅಪ್ಪಣೆಯೂ ಇಲ್ಲದೆ ತಾನೇ ವೃತ್ತ ಎಳೆದು ತಾನೇ ಅರ್ಚಕಿಯಾಗುವ ವಿಧಿಯೊಂದು ಸಿಕ್ಕರೆ ಅದರ ರುಚಿ ಹತ್ತುವುದು ಸಹಜ. ಹಾಸನಾಂಬೆಯ ಸಾಲಿನಲ್ಲಿ ಗಂಟೆಗಟ್ಟಲೆ ನಿಂತವಳಿಗೆ ದೇವಿಯೆದುರು ಸಿಗುವುದು ಕೆಲವು ಕ್ಷಣ. ತಾರಸಿಯಲ್ಲಿ ಇಡೀ ರಾತ್ರಿ. ನಾನೂ ಮುಟ್ಟಿನ ದಿನಗಳಲ್ಲಿ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿದವಳು, ಆದ್ದರಿಂದ ಈ ಮಾತನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ಇನ್ನು ನಿಮ್ಮ ಅಜ್ಜಿ. ಅವರಿಗೆ ಇಟ್ಟ ಎಡೆಯ ಮುಂದೆ ನೀವು ಕುಳಿತಿದ್ದಿರೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಬೆಂಗಳೂರಿನ ರಜೆಗಳು ಮಹಾಲಯ ಅಮಾವಾಸ್ಯೆಯನ್ನು ಕೇಳಿ ಸಿಗುವುದಿಲ್ಲವೆಂಬುದು ಮಾತ್ರ ನನಗೆ ಗೊತ್ತು.

ಮುಂದೆ ಏನು ಮಾಡಬಹುದು? ಎಲ್ಲವನ್ನೂ ಇವತ್ತೇ ಬಿಟ್ಟುಬಿಡಬಹುದು. ಹೆದರಿ ಬಿಟ್ಟರೆ ಮಾತ್ರ ಕೆಲವು ತಿಂಗಳಲ್ಲಿ ಗುಟ್ಟಾಗಿ ಮತ್ತೆ ಶುರುವಾಗುತ್ತದೆ, ಆಗ ಗುಟ್ಟಿನ ಭಾರವೂ ಸೇರಿರುತ್ತದೆ. ಓದನ್ನಷ್ಟೇ ಇಟ್ಟುಕೊಳ್ಳಬಹುದು, ಅದರಲ್ಲಿ ಅಪಾಯವೇನೂ ಇಲ್ಲ. ವಿಡಿಯೊ ಬಿಟ್ಟು ಇತಿಹಾಸಕಾರರನ್ನು ಓದಿ, ಬ್ರಿಸ್ಟಲ್ ವಿಶ್ವವಿದ್ಯಾಲಯದ ರೊನಾಲ್ಡ್ ಹಟನ್ ಅವರು 1999ರಲ್ಲಿ ಬರೆದ ಇತಿಹಾಸ ಈ ಧರ್ಮದ ಹುಟ್ಟನ್ನು ಗೇಲಿ ಮಾಡದೆ, ಹೊಗಳದೆ ಬಿಡಿಸಿಡುತ್ತದೆ. ಹುಣ್ಣಿಮೆಯ ದೀಪ, ಮೌನ, ಋತುಗಳ ಲೆಕ್ಕ ಇವುಗಳನ್ನು ಉಳಿಸಿಕೊಂಡು ನಿಮ್ಮ ದೇವಿಯ ಹೆಸರಿನಲ್ಲೇ ನಡೆಸಿಕೊಂಡು ಹೋಗಬಹುದು. ನಿಮ್ಮ ಪತ್ರ ಓದಿದರೆ ಅರಿವಿಲ್ಲದೆ ನೀವು ಈಗಾಗಲೇ ಮಾಡುತ್ತಿರುವುದು ಇದನ್ನೇ ಎನ್ನಿಸುತ್ತದೆ, ನನ್ನ ಒಲವೂ ಇದರ ಕಡೆಗೇ. ಎರಡು ಕಡೆಯವರೂ ‘ಇದು ಶುದ್ಧವಲ್ಲ’ ಎನ್ನಬಹುದು, ಅನ್ನಲಿ. ಪೂರ್ತಿಯಾಗಿ ವಿಕ್ಕಾ ಹಿಡಿಯುವವರೂ ಇದ್ದಾರೆ. ಗುಂಪಿಲ್ಲದೆ ಒಬ್ಬರೇ ಆಚರಿಸುವುದಕ್ಕೂ ಅಲ್ಲಿ ಮಾನ್ಯತೆಯಿದೆ. ಆ ನಿರ್ಧಾರವನ್ನು ಅಮ್ಮನ ಮೇಲಿನ ಕೋಪದಲ್ಲಿ ಮಾಡಬೇಡಿ, ಒಂದು ವರ್ಷ ಕಾಯಿರಿ.

ನಿಜವಾದ ಅಪಾಯ ನನಗೆ ಕಾಣುವುದು ಆನ್‌ಲೈನ್ ಗುಂಪುಗಳಲ್ಲಿ. ದೀಕ್ಷೆಗೆ ಶುಲ್ಕ ಕೇಳುವವರಿಂದ ದೂರವಿರಿ. ಗಾರ್ಡ್ನರ್ ಪರಂಪರೆಯವರೇ ದೀಕ್ಷೆಗೆ ಹಣ ತೆಗೆದುಕೊಳ್ಳಬಾರದೆನ್ನುತ್ತಾರೆ. ಆ ಪರಂಪರೆಯ ಕೆಲವು ವಿಧಿಗಳಲ್ಲಿ ಬಟ್ಟೆಯಿಲ್ಲದೆ ಕೂರುವ ರೂಢಿಯಿರುವುದು ನಿಜ, ಅದನ್ನೇ ನೆಪವಾಗಿಟ್ಟುಕೊಂಡು ಫೋಟೊ, ವಿಡಿಯೊ ಕೇಳುವ ದುರುಳರಿರುವುದೂ ನಿಜ. ಯಾರಿಗೂ, ಯಾವ ಕಾರಣಕ್ಕೂ ಕಳಿಸಬೇಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಳೆಯ ಯುರೋಪಿನ ಮುಲಾಮುಗಳೆಂದು ಹೇಳಿ ಗಿಡಮೂಲಿಕೆ ಹಚ್ಚಿಕೊಳ್ಳಲು, ಕುಡಿಯಲು ಹೇಳುವವರನ್ನೂ ನಂಬಬೇಡಿ: ಆ ಮುಲಾಮುಗಳಿಗೆ ಬಳಸುವ ಕೆಲವು ಗಿಡಗಳ ಬಂಧುವಾದ ಉಮ್ಮತ್ತಿ ನಮ್ಮ ಬೇಲಿಯಲ್ಲೇ ಬೆಳೆಯುತ್ತದೆ, ಅದರ ಬೀಜ ಮನುಷ್ಯರನ್ನು ಕೊಲ್ಲುತ್ತದೆ. ಪಿಜಿಯ ಮುಚ್ಚಿದ ಕೋಣೆಯಲ್ಲಿ ಧೂಪ ಹಾಕಿ, ಮೇಣದಬತ್ತಿ ಉರಿಯಬಿಟ್ಟು ಮಲಗುವುದು ಯಾವ ಮಂತ್ರಕ್ಕಿಂತಲೂ ಅಪಾಯ.

ಅಮ್ಮನೊಡನೆ ಮಾತನ್ನು ವಿಕ್ಕಾದಿಂದ ಆರಂಭಿಸಬೇಡಿ, ಆ ಪದ ಅವರಿಗೆ ಬೇಕಾಗಿಯೂ ಇಲ್ಲ. ಫೋನಿನಲ್ಲಿ ಬೇಡ, ಊರಿಗೆ ಹೋಗಿ ಅಡುಗೆಮನೆಯಲ್ಲಿ ಅವರು ಕೆಲಸ ಮಾಡುತ್ತಿರುವಾಗ ಹೇಳಿ. ಮೊದಲು ಮೇಣದಬತ್ತಿಯ ಸತ್ಯ: ಅದು ಅಜ್ಜಿಗೆ. ಮಹಾಲಯಕ್ಕೆ, ಕೆಲವು ಮನೆಗಳಲ್ಲಿ ದೀಪಾವಳಿಗೇ, ಹಿರಿಯರಿಗೆ ಎಡೆ ಇಡುವ ಸೀಮೆಯವರು ಅದನ್ನು ಅರ್ಥಮಾಡಿಕೊಳ್ಳದೆ ಇರುವುದಿಲ್ಲ. ನಮ್ಮ ಅತ್ತೆ ಬದುಕಿರುವವರೆಗೂ ಮಾವನವರ ಎಡೆಯ ಪಕ್ಕದಲ್ಲಿ ಕಡುಬು, ಕೋಳಿಸಾರಿನ ಜೊತೆ ಒಂದು ಕಟ್ಟು ಬೀಡಿಯನ್ನೂ ಬೆಂಕಿಪೊಟ್ಟಣವನ್ನೂ ಇಡುತ್ತಿದ್ದರು, ಅದು ಯಾವ ಶಾಸ್ತ್ರದಲ್ಲಿದೆಯೆಂದು ಯಾರೂ ಕೇಳಲಿಲ್ಲ. ನಿಮ್ಮ ಅಜ್ಜಿಗೆ ಎಲೆ–ಅಡಿಕೆ ಇಷ್ಟವಿತ್ತೋ, ಬೆಲ್ಲದ ಕಾಫಿಯೋ, ಅಮ್ಮನನ್ನೇ ಕೇಳಿ; ಈ ಸಲ ಅವರ ಎಡೆಯನ್ನು ನಾನು ಬಡಿಸಲೇ ಎಂದೂ ಕೇಳಿ. ಆಮೇಲೆ ಚೀಟಿಯ ಸತ್ಯ. ಅದನ್ನು ಹೇಳುವುದು ಕಷ್ಟ, ಅಮ್ಮ ಎರಡು ದಿನ ಮಾತು ಬಿಟ್ಟರೂ ಬಿಡಬಹುದು. ಆದರೆ ಚೀಟಿಯನ್ನು ಮುಚ್ಚಿಟ್ಟು ಮೇಣದಬತ್ತಿಯನ್ನಷ್ಟೇ ಹೇಳಿದರೆ ಅವರು ಎರಡನ್ನೂ ನಂಬುವುದಿಲ್ಲ. 35 ಸಾವಿರದ ಮಾತನ್ನು ಅಪ್ಪನ ಎದುರಿನಲ್ಲಿ ನೀವು ಎತ್ತಬೇಡಿ, ಅಮ್ಮನೇ ಎತ್ತಲಿ.

ಕೊನೆಗೆ ಬಾಟಲಿ. ಅದನ್ನು ಮಣ್ಣಿನಲ್ಲಿ ಹೂಳಬೇಕು, ಹರಿಯುವ ನೀರಿಗೆ ಬಿಡಬೇಕು ಎಂದೆಲ್ಲ ನೀವು ಓದಿರುತ್ತೀರಿ. ಅಷ್ಟು ಉಪ್ಪನ್ನು ಕಾಫಿ ಗಿಡದ ಬುಡಕ್ಕೆ ಸುರಿದರೆ ಗಿಡ ಕೆಡುತ್ತದೆ, ಅಪ್ಪನ ಬೈಗುಳ ಬೇರೆ. ಗಾಜನ್ನು ಹಳ್ಳಕ್ಕೆ ಎಸೆದರೆ ಮುಂದಿನ ಸಲ ಕಾಲಿಟ್ಟವರ ಪಾದ ಕೊಯ್ಯುತ್ತದೆ. ದಾರ ಬಿಚ್ಚಿ ಚೀಟಿಯನ್ನು ಹರಿದು ಕಸದ ಬುಟ್ಟಿಗೆ ಹಾಕಿ. ಲವಂಗ, ಪಕಳೆ ಗೊಬ್ಬರದ ಗುಂಡಿಗೆ ಹೋಗಲಿ. ಉಪ್ಪನ್ನು ಬಚ್ಚಲಿಗೆ ಸುರಿದು ನೀರು ಬಿಡಿ. ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಮುಚ್ಚಳವನ್ನು ಬೇರೆಯಾಗಿ ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ; ಸ್ವಲ್ಪ ತೇವ ಉಳಿದರೂ ಒಳಗೆ ಹಾಕಿದ ಉಪ್ಪಿನಕಾಯಿಗೆ ಬೂಸ್ಟು ಬರುತ್ತದೆ.